ಬಿಟ್ಟು ಬಂದವನು ಎಲ್ಲಿಗೆ ಬರಬೇಕು?



ಸಮಾಜಕಾರ್ಯವನ್ನು ಕುರಿತು ವರ್ಷಕ್ಕೊಂದು ಉಪನ್ಯಾಸ ನಡೆಯಬೇಕು, ಅದು ಎಲ್ಲರಿಗೂ ತಿಳಿಯುವ ಕನ್ನಡದಲ್ಲಿರಬೇಕು ಎಂಬುದು ಈ ಉಪನ್ಯಾಸದ ಹಿಂದಿರುವ ದತ್ತಿಯ ಆಶಯ. 

ನಾನು ಎತ್ತಿಕೊಂಡಿರುವ ವಿಷಯ ಇದು. ಹದಿನೇಳೋ ಹತ್ತೊಂಬತ್ತೋ ವಯಸ್ಸಿನ ಹುಡುಗನೊಬ್ಬ ಏರಿಯಾದ ರೌಡಿ ಗುಂಪಿನ ಜೊತೆ ಓಡಾಡುತ್ತಿದ್ದಾನೆ. ಒಂದೆರಡು ಹೊಡೆದಾಟಗಳಲ್ಲಿ ಹೆಸರು ಬಂದಿದೆ. ಈಗ ಅವನಿಗೆ ಸಾಕಾಗಿದೆ, ಬಿಟ್ಟು ಬರಬೇಕು ಅನ್ನಿಸಿದೆ. ಅವನ ಬೀದಿಯವರು, ಅವನ ಊರಿನವರು ಆದ ನಾವು ಅವನಿಗಾಗಿ ಏನು ಮಾಡಬಹುದು?

ಇಂಥ ಪ್ರಶ್ನೆಗೆ ನಮ್ಮಲ್ಲಿ ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತವೆ. "ಅವನೇ ಹೋಗಿ ಸೇರಿಕೊಂಡ, ಅವನೇ ಬಿಟ್ಟು ಬರಲಿ" ಎನ್ನುವುದು ಒಂದು. "ಅದನ್ನೆಲ್ಲ ಪೊಲೀಸರು ನೋಡಿಕೊಳ್ಳುತ್ತಾರೆ" ಎನ್ನುವುದು ಇನ್ನೊಂದು. ಎರಡರಲ್ಲೂ ಸ್ವಲ್ಪ ಸತ್ಯವಿದೆ. ಆದರೆ ಎರಡರಲ್ಲೂ ನಾವು ಇಲ್ಲ. ಗುಂಪು ಬಿಡುವುದು ಒಬ್ಬ ಹುಡುಗನ ನಿರ್ಧಾರ, ಬಿಟ್ಟ ಮೇಲೆ ಅವನು ಹೊರಗೇ ಉಳಿಯುವಂತೆ ಮಾಡುವುದು ಊರಿನ ಕೆಲಸ. ಇವತ್ತು ನಾನು ಹೇಳಬೇಕಾಗಿರುವುದು ಇಷ್ಟನ್ನೇ. ಇದು ಬರೀ ಆಸೆಯ ಮಾತಾಗಬಾರದು ಎಂದು, ಈ ಕೆಲಸ ನಿಜವಾಗಿ ನಡೆದ ಕೆಲವು ಊರುಗಳ ಕಥೆಯನ್ನು ಮೊದಲು ಹೇಳುತ್ತೇನೆ.

1. ಬಾಗಿಲಿಗೆ ಬೀಗವಿಲ್ಲ

ರೌಡಿ ಲೋಕದ ಒಳಗೆ ಹೋಗುವ ದಾರಿ ಕನ್ನಡಿಗರಿಗೆ ಚೆನ್ನಾಗಿ ಗೊತ್ತು. 1995ರ 'ಓಂ', 2005ರ 'ಜೋಗಿ', 2007ರ 'ಆ ದಿನಗಳು' ಚಿತ್ರಗಳನ್ನು ನೋಡಿದ್ದೇವೆ. ಅಗ್ನಿ ಶ್ರೀಧರ್ ಅವರ 'ದಾದಾಗಿರಿಯ ದಿನಗಳು' ಓದಿದ್ದೇವೆ. ಒಂದು ಅವಮಾನ, ಒಂದು ಏಟು, ಬೆನ್ನಿಗೆ ನಿಂತ ಒಬ್ಬ ಅಣ್ಣ, ಅಲ್ಲಿಂದ ಮುಂದೆ ಲಾಂಗು, ಮಚ್ಚು. ಹೊರಗೆ ಬರುವ ದಾರಿ ಮಾತ್ರ ತೆರೆಯ ಮೇಲೆ ಅಷ್ಟಾಗಿ ಕಾಣುವುದಿಲ್ಲ. ಹೀಗಾಗಿ "ಒಳಗೆ ಹೋದವನು ಹೊರಗೆ ಬರಲಾರ" ಎಂಬ ನಂಬಿಕೆ ಬೇರೂರಿದೆ. ಗುಂಪಿನ ನಾಯಕರಿಗೂ ಈ ನಂಬಿಕೆಯೇ ಬೇಕು. ಅದು ಇದ್ದಷ್ಟು ದಿನ ಹುಡುಗರು ಕದಲುವುದಿಲ್ಲ.

ಅಮೆರಿಕದಲ್ಲಿ ಈ ವಿಷಯವನ್ನು ಕೂಲಂಕಷವಾಗಿ ನೋಡಿದವರು ಬೇರೆಯದೇ ಕಂಡಿದ್ದಾರೆ. ರೋಚೆಸ್ಟರ್ ಮತ್ತು ಡೆನ್ವರ್ ನಗರಗಳಲ್ಲಿ 1980ರ ದಶಕದ ಕೊನೆಯಿಂದ ನೂರಾರು ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ಅಧ್ಯಯನ ನಡೆಸಿದರು. ಗ್ಯಾಂಗಿಗೆ ಸೇರಿದ ಹುಡುಗರಲ್ಲಿ ಹೆಚ್ಚಿನವರು ಒಂದೆರಡು ವರ್ಷಗಳಲ್ಲೇ ಬಿಟ್ಟಿದ್ದರು. ಸ್ಕಾಟ್ ಡೆಕರ್ ಮತ್ತು ಡೇವಿಡ್ ಪೈರೂಜ್ ಎಂಬ ಅಪರಾಧಶಾಸ್ತ್ರಜ್ಞರು ಬಿಟ್ಟು ಬಂದವರನ್ನೇ ಮಾತನಾಡಿಸಿದರು. ಬಿಟ್ಟಿದ್ದಕ್ಕೆ ಹಳೆಯ ಗುಂಪಿನವರಿಂದ ಏಟು ತಿಂದವರು ಇದ್ದರು, ಆದರೆ ಬಹುಪಾಲು ಜನ ಹಾಗೇ ದೂರವಾಗಿದ್ದರು. ಕೆಲವರು ಗೆಳೆಯನ ಸಾವು ಕಂಡು, ಕೆಲವರು ಪದೇ ಪದೇ ಜೈಲು ಸೇರಿ ರೋಸಿ ಬಿಟ್ಟರು. ಒಂದು ಕೆಲಸ, ಒಬ್ಬಳು ಹುಡುಗಿ, ಹುಟ್ಟಿದ ಮಗು ತಮ್ಮ ಕಡೆ ಎಳೆದುಕೊಂಡಿದ್ದರಿಂದ ಬಿಟ್ಟವರೂ ಇದ್ದರು.

ಹಾಗಾದರೆ ಕಷ್ಟ ಎಲ್ಲಿದೆ? ಅವನು ಬಿಟ್ಟಿದ್ದಾನೆಂದು ಅವನಿಗೊಬ್ಬನಿಗೆ ಗೊತ್ತು. ಎದುರು ಗುಂಪಿನವರಿಗೆ ಗೊತ್ತಿಲ್ಲ, ಅವರ ಕಣ್ಣಿಗೆ ಅವನು ಇನ್ನೂ ಶತ್ರು. ಪೊಲೀಸರ ಕಡತದಲ್ಲಿ ಅವನು ಇನ್ನೂ ಆರೋಪಿ. ಕೆಲಸ ಕೊಡುವವರಿಗೆ ಅವನ ಕೈಮೇಲಿನ ಹಚ್ಚೆ ಕಾಣುತ್ತದೆ. ಕ್ಯಾಲಿಫೋರ್ನಿಯಾ ರಾಜ್ಯದ 'ಕ್ಯಾಲ್‌ಗ್ಯಾಂಗ್' ಎಂಬ ಗ್ಯಾಂಗ್ ಸದಸ್ಯರ ದತ್ತಾಂಶವನ್ನು 2016ರಲ್ಲಿ ಅಲ್ಲಿನ ಲೆಕ್ಕಪರಿಶೋಧಕರು ತಪಾಸಣೆ ಮಾಡಿದಾಗ, ದಾಖಲಾದ ದಿನಕ್ಕೆ ಒಂದು ವರ್ಷವೂ ತುಂಬಿರದ 42 'ಸದಸ್ಯರು' ಅದರಲ್ಲಿ ಸಿಕ್ಕರು. ಅವರಲ್ಲಿ 28 ಮಂದಿ 'ತಾವೇ ಒಪ್ಪಿಕೊಂಡಿದ್ದಾರೆ' ಎಂದು ನಮೂದಾಗಿತ್ತು! ಪಟ್ಟಿಗೆ ಹೆಸರು ಸೇರಿಸುವುದು ಎಷ್ಟು ಸಲೀಸು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ತೆಗೆಸುವುದು ಅಷ್ಟು ಸಲೀಸಲ್ಲ.

ಬಿಟ್ಟವನಿಗೆ ಮೊದಲ ಕೆಲವು ತಿಂಗಳು ಹಳೆಯ ರಕ್ಷಣೆ ಇರುವುದಿಲ್ಲ, ಹಳೆಯ ವೈರ ಮಾತ್ರ ಇರುತ್ತದೆ. ಸಂಜೆಯಾದರೆ ಕೂರಲು ಕಟ್ಟೆಯಿಲ್ಲ, ಮಾತಿಗೆ ಗೆಳೆಯರಿಲ್ಲ. ಈ ತಿಂಗಳುಗಳಲ್ಲಿ ಅವನ ಹತ್ತಿರ ಯಾರಿದ್ದರು ಎಂಬುದರ ಮೇಲೆ ಮುಂದಿನ ಬದುಕು ನಿಂತಿದೆ.

2. ತಾಯಂದಿರ ನಡಿಗೆ, ಬೇಕರಿಯ ಒಲೆ

ಲಾಸ್ ಏಂಜಲೀಸ್ ನಗರದ ಪೂರ್ವದಲ್ಲಿ ಬಾಯ್ಲ್ ಹೈಟ್ಸ್ ಎಂಬ ಭಾಗವಿದೆ. ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದಿಂದ ಬಂದ ಕೂಲಿಕಾರರ ನೆಲೆ. 1980ರ ದಶಕದಲ್ಲಿ ಅಲ್ಲಿದ್ದ ಪೀಕೊ ಗಾರ್ಡನ್ಸ್, ಅಲೀಸೊ ವಿಲೇಜ್ ಎಂಬ ಸರ್ಕಾರಿ ವಸತಿ ಬಡಾವಣೆಗಳ ನಡುವೆ ಡೊಲೊರೆಸ್ ಮಿಷನ್ ಎಂಬ ಚರ್ಚು. 1986ರಲ್ಲಿ ಗ್ರೆಗ್ ಬಾಯ್ಲ್ ಎಂಬ ಜೆಸ್ಯೂಟ್ ಪಾದ್ರಿ ಅಲ್ಲಿಗೆ ಬಂದಾಗ ಅದು ಆ ನಗರದ ಅತ್ಯಂತ ಬಡ ಕ್ಯಾಥೊಲಿಕ್ ಧರ್ಮಕೇಂದ್ರವಾಗಿತ್ತು. ಆ ಸಣ್ಣ ವ್ಯಾಪ್ತಿಯಲ್ಲೇ ಎಂಟು ಗ್ಯಾಂಗುಗಳು ಇದ್ದವು.

ಪೊಲೀಸರ ಉತ್ತರ ಏನಿತ್ತೆಂದರೆ, ರಾತ್ರೋರಾತ್ರಿ ಬೀದಿಗಿಳಿದು ಸಿಕ್ಕಿದವರನ್ನೆಲ್ಲ ಹಿಡಿಯುವುದು. 'ಆಪರೇಷನ್ ಹ್ಯಾಮರ್' ಎಂಬ ಹೆಸರಿನ ಈ ಕಾರ್ಯಾಚರಣೆಯಲ್ಲಿ 1988ರ ಏಪ್ರಿಲ್‌ನ ಒಂದೇ ವಾರಾಂತ್ಯದಲ್ಲಿ ಸಾವಿರ ಪೊಲೀಸರು ಸೇರಿ 1,400ಕ್ಕೂ ಹೆಚ್ಚು ಜನರನ್ನು ಬಂಧಿಸಿದರು. ಅವರಲ್ಲಿ ಬಹುತೇಕರನ್ನು ಯಾವ ಆರೋಪವೂ ಇಲ್ಲದೆ ಬಿಡಬೇಕಾಯಿತು. ನಾಲ್ಕು ವರ್ಷಗಳ ನಂತರ, 1992ರಲ್ಲಿ, ನಗರದ ಕೊಲೆಗಳ ಸಂಖ್ಯೆ ಸಾವಿರ ದಾಟಿತು.

ಡೊಲೊರೆಸ್ ಮಿಷನ್ನಿನ ಹೆಂಗಸರು ಹಿಡಿದ ದಾರಿ ಬೇರೆ. ಈ ಹುಡುಗರು ಅವರದೇ ಮಕ್ಕಳು, ಪಕ್ಕದ ಮನೆಯ ಮಕ್ಕಳು. ತಾಯಂದಿರು ಸೇರಿ ನೆರೆಹೊರೆಯ ಶಾಂತಿ ಸಮಿತಿ ಕಟ್ಟಿಕೊಂಡರು. ಗುಂಡು ಹಾರುವ ರಾತ್ರಿಗಳಲ್ಲಿ ಮೇಣದಬತ್ತಿ ಹಿಡಿದು, ಹಾಡುತ್ತ, ತಿನ್ನಲು ಏನಾದರೂ ತೆಗೆದುಕೊಂಡು ಒಂದು ಗ್ಯಾಂಗಿನ ಮೂಲೆಯಿಂದ ಇನ್ನೊಂದರ ಮೂಲೆಗೆ ನಡೆದರು. ಹುಡುಗರನ್ನು ಹೆಸರು ಹಿಡಿದು ಕರೆದರು. ತಾಯಿಯೊಬ್ಬಳು ಬೀದಿಯಲ್ಲಿ ನಿಂತಿರುವಾಗ ಗುಂಡು ಹಾರಿಸುವುದು ಕಷ್ಟ. ಪೊಲೀಸರು ಹುಡುಗರನ್ನು ಹಿಡಿದು ಬಡಿಯುತ್ತಿದ್ದಲ್ಲೂ ಈ ತಾಯಂದಿರೇ ಹೋಗಿ ನಿಂತರು. ಕೊಲ್ಲಬೇಡಿ ಎಂದು ಹುಡುಗರಿಗೂ, ಬಡಿಯಬೇಡಿ ಎಂದು ಪೊಲೀಸರಿಗೂ ಹೇಳಲು ಅವರಿಗೆ ಧೈರ್ಯವಿತ್ತು. ಎರಡನ್ನೂ ಹೇಳಿದ್ದರಿಂದ ಅವರ ಮಾತಿಗೆ ತೂಕ ಬಂತು.

ಮುಂದೆ ಆದದ್ದೆಲ್ಲ ಒಂದು ಅಗತ್ಯದ ಹಿಂದೆ ಇನ್ನೊಂದು ಅಗತ್ಯ ಕಂಡಂತೆ ಬೆಳೆದದ್ದು. ಹುಡುಗರನ್ನು ಶಾಲೆಗಳಿಂದ ಹೊರಹಾಕಿದ್ದರು, ಹಗಲೆಲ್ಲ ಬೀದಿಯಲ್ಲೇ ಇರುತ್ತಿದ್ದರು. ಚರ್ಚು ಅವರಿಗಾಗಿಯೇ ಪರ್ಯಾಯ ಶಾಲೆ ತೆರೆಯಿತು. ಶಾಲೆಗೆ ಬಂದ ಹುಡುಗರು ಕೆಲಸ ಕೇಳಿದರು. ತಾಯಂದಿರು ಸುತ್ತಲಿನ ಕಾರ್ಖಾನೆಗಳ ಬಾಗಿಲು ತಟ್ಟಿದರು, ಹೆಚ್ಚಿನವು ತೆರೆಯಲಿಲ್ಲ. 1988ರಲ್ಲಿ ಉದ್ಯೋಗ ಯೋಜನೆಯೊಂದನ್ನು ತಾವೇ ಆರಂಭಿಸಿ ಹುಡುಗರನ್ನು ಕಟ್ಟಡದ ಕೆಲಸ, ಸ್ವಚ್ಛತೆಯ ಕೆಲಸಕ್ಕೆ ಹಚ್ಚಿದರು. 1992ರಲ್ಲಿ ನಗರದಲ್ಲಿ ಗಲಭೆಗಳು ನಡೆದ ನಂತರ ರೇ ಸ್ಟಾರ್ಕ್ ಎಂಬ ಹಾಲಿವುಡ್ ನಿರ್ಮಾಪಕ ಹಣ ಕೊಟ್ಟಾಗ ಚರ್ಚಿನ ಎದುರಿಗೆ ಮುಚ್ಚಿಬಿದ್ದಿದ್ದ ಬೇಕರಿಯೊಂದನ್ನು ಕೊಂಡರು. ಪರಸ್ಪರ ಗುಂಡು ಹಾರಿಸಿಕೊಂಡಿದ್ದ ಹುಡುಗರು ಒಂದೇ ಮೇಜಿನ ಮೇಲೆ ಹಿಟ್ಟು ನಾದತೊಡಗಿದರು. ಇಂದು ಜಗತ್ತಿಗೆಲ್ಲ ಗೊತ್ತಿರುವ 'ಹೋಮ್‌ಬಾಯ್ ಇಂಡಸ್ಟ್ರೀಸ್' ಹೀಗೆ ಶುರುವಾಯಿತು.

ಈಗ ಅಲ್ಲಿ ಬೇಕರಿಯ ಜೊತೆಗೆ ಹೆಣ್ಣುಮಕ್ಕಳು ನಡೆಸುವ ಕೆಫೆ ಇದೆ, ಹಚ್ಚೆ ಅಳಿಸುವ ಉಚಿತ ಲೇಸರ್ ಚಿಕಿತ್ಸೆ ಇದೆ, ಮನೋವೈದ್ಯರ ಸಲಹೆ, ಕಾನೂನಿನ ನೆರವು, ಓದು ಇವೆ. ಬಂದವರಿಗೆ ಸಂಬಳ ಕೊಟ್ಟು ಹದಿನೆಂಟು ತಿಂಗಳು ಜೊತೆಗಿಟ್ಟುಕೊಳ್ಳುತ್ತಾರೆ. ಈ ಹದಿನೆಂಟು ತಿಂಗಳು ಎಂಬುದನ್ನು ಸಮಾಜಕಾರ್ಯದ ವಿದ್ಯಾರ್ಥಿಗಳು ಗಮನಿಸಬೇಕು. ಎರಡು ದಿನದ ಶಿಬಿರ, ಒಂದು ವಾರದ ಕೌಶಲ ತರಬೇತಿ, ಕೊನೆಗೊಂದು ಪ್ರಮಾಣಪತ್ರ: ಇದರಿಂದ ಆಗುವ ಕೆಲಸ ಇದಲ್ಲ. ಹಣದ ಕಷ್ಟ ಅವರಿಗೂ ತಪ್ಪಲಿಲ್ಲ. 2010ರಲ್ಲಿ ಆರ್ಥಿಕ ಹಿಂಜರಿತಕ್ಕೆ ಸಿಕ್ಕಿ ನೂರಾರು ಕೆಲಸಗಾರರನ್ನು ಬಿಡಬೇಕಾಯಿತು. ಆದರೂ ಸಂಸ್ಥೆ ಮುಚ್ಚಲಿಲ್ಲ. 2024ರಲ್ಲಿ ಬಾಯ್ಲ್ ಅವರಿಗೆ ಅಮೆರಿಕದ ಅತ್ಯುನ್ನತ ನಾಗರಿಕ ಗೌರವ ಬಂತು. ಅದರಲ್ಲಿ ಮೇಣದಬತ್ತಿ ಹಿಡಿದು ನಡೆದ ಹೆಂಗಸರ ಪಾಲೂ ಇದೆ ಎಂದು ನಾನು ತಿಳಿಯುತ್ತೇನೆ.

3. ಹುಡುಗನಿಗೆ ಕೈ ಕೊಡಿ, ಗುಂಪಿಗಲ್ಲ

ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸ ತಿರುಗಿಬಿದ್ದ ಉದಾಹರಣೆಯೂ ಲಾಸ್ ಏಂಜಲೀಸಿನಲ್ಲೇ ಇದೆ. 1961ರಿಂದ 1965ರವರೆಗೆ ಅಲ್ಲಿ ಗ್ಯಾಂಗುಗಳ ಜೊತೆ ಬೆರೆಯಲು ಕಾರ್ಯಕರ್ತರನ್ನು ನೇಮಿಸಿದ್ದರು. ಅವರು ಗುಂಪುಗಳನ್ನು ಪ್ರವಾಸಕ್ಕೆ ಕರೆದೊಯ್ದರು, ಆಟ ಆಡಿಸಿದರು, ವಾರದ ಸಭೆ ನಡೆಸಿದರು. ಮಾಲ್ಕಮ್ ಕ್ಲೈನ್ ಎಂಬ ಸಮಾಜಶಾಸ್ತ್ರಜ್ಞ ಇದನ್ನು ಅಳೆದು ನೋಡಿದಾಗ ಗುಂಪುಗಳು ಇನ್ನಷ್ಟು ಬಿಗಿಯಾಗಿದ್ದವು, ಹೊಸ ಹುಡುಗರು ಸೇರಿದ್ದರು, ಅಪರಾಧ ಹೆಚ್ಚಾಗಿತ್ತು. ಸಭೆ, ಪ್ರವಾಸ, ಒಬ್ಬ ಅಧಿಕೃತ ಕಾರ್ಯಕರ್ತ ಇವೆಲ್ಲ ಸೇರಿ ಗುಂಪಿಗೆ ಒಂದು ಪ್ರತಿಷ್ಠೆಯನ್ನೇ ತಂದುಕೊಟ್ಟಿದ್ದವು. ಆಮೇಲೆ ಇನ್ನೊಂದು ಪ್ರದೇಶದಲ್ಲಿ ಕ್ಲೈನ್ ಗುಂಪು ಚಟುವಟಿಕೆಗಳನ್ನು ನಿಲ್ಲಿಸಿ ಒಬ್ಬೊಬ್ಬ ಹುಡುಗನಿಗೂ ಪ್ರತ್ಯೇಕವಾಗಿ ಕೆಲಸ, ಓದು, ನೆರವು ಹುಡುಕಿಸಿದರು. ಗುಂಪು ತಾನಾಗಿ ಸಡಿಲಗೊಂಡಿತು.

ಬಾಯ್ಲ್ ಅವರೂ ಅನುಭವದಿಂದ ಇದೇ ತೀರ್ಮಾನಕ್ಕೆ ಬಂದರು. ಮೊದಮೊದಲು ಅವರು ಗ್ಯಾಂಗುಗಳ ನಡುವೆ ಓಡಾಡಿ ರಾಜಿ ಮಾಡಿಸುತ್ತಿದ್ದರು. ರಾಜಿ ಮಾತುಕತೆಯೇ ಗ್ಯಾಂಗಿಗೆ ಉಸಿರು ಕೊಡುತ್ತಿದೆ ಎಂದು ಕಂಡ ಮೇಲೆ ಅದನ್ನು ಬಿಟ್ಟು, ಬಂದ ಹುಡುಗನನ್ನು ಮಾತ್ರ ನೋಡಿಕೊಳ್ಳತೊಡಗಿದರು.

ನಮ್ಮ ಸಂದರ್ಭದಲ್ಲಿ ಈ ಪಾಠ ಬಹಳ ಮುಖ್ಯ. ಹಬ್ಬದ ಮೆರವಣಿಗೆಗೆ, ಚುನಾವಣೆಯ ಪ್ರಚಾರಕ್ಕೆ "ನಿಮ್ಮ ಹುಡುಗರನ್ನೆಲ್ಲ ಕರೆದುಕೊಂಡು ಬಾ" ಎಂದು ಗುಂಪಿನ ನಾಯಕನಿಗೇ ಹೇಳಿ ಕಳಿಸುವುದು ನಮ್ಮಲ್ಲಿದೆ. ಹುಡುಗರಿಗೆ ಒಂದು ಹೊಣೆ ಕೊಟ್ಟೆವು, ದಾರಿಗೆ ತಂದೆವು ಎಂದು ಕೆಲವರು ನಂಬಿಯೂ ಇದ್ದಾರೆ. ಆದರೆ ಅಲ್ಲಿ ಬೆಳೆಯುವವನು ನಾಯಕ. ಹುಡುಗ ಮತ್ತಷ್ಟು ಅವನ ನೆರಳಿಗೆ ಸೇರುತ್ತಾನೆ.

4. ಆಸ್ಪತ್ರೆಯಲ್ಲಿ ಕಾಯುವವರು

ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದಲ್ಲಿ ಬಂದೂಕು ಕಡಿಮೆ, ಚೂರಿ ಹೆಚ್ಚು. ಈ ಕಾರಣಕ್ಕೆ ಅದರ ಕಥೆ ನಮಗೆ ಇನ್ನೂ ಹತ್ತಿರದ್ದು. ಎರಡನೆಯ ಮಹಾಯುದ್ಧದ ನಂತರ ನಗರದ ಕೊಳೆಗೇರಿಗಳನ್ನು ಒಡೆದು ಜನರನ್ನು ಅಂಚಿನ ಹೊಸ ಬಡಾವಣೆಗಳಿಗೆ ಸಾಗಿಸಿದರು. ಈಸ್ಟರ್‌ಹೌಸ್ ಅಂಥದೊಂದು. ಸಾವಿರಾರು ಮನೆ ಕಟ್ಟಿದವರು ಅಂಗಡಿ, ಆಟದ ಜಾಗ, ಕೂಡಿ ಕೂರುವ ಜಾಗಗಳನ್ನು ಮರೆತರು. ಬೀದಿಗೊಂದು ಗ್ಯಾಂಗು ಹುಟ್ಟಿತು. 1968ರಲ್ಲಿ ಫ್ರಾಂಕಿ ವಾನ್ ಎಂಬ ಜನಪ್ರಿಯ ಗಾಯಕ ಅಲ್ಲಿಗೆ ಬಂದು ಹುಡುಗರ ಮನವೊಲಿಸಿ ಆಯುಧಗಳನ್ನು ತಂದೊಪ್ಪಿಸುವಂತೆ ಮಾಡಿದ. ಪತ್ರಿಕೆಗಳು ಸಂಭ್ರಮಿಸಿದವು. ಆದರೆ ಗಾಯಕ ಬಂದು ಹೋಗುವವನು, ಹುಡುಗರು ಅಲ್ಲೇ ಇರುವವರು. ಚೂರಿಗಳು ಮತ್ತೆ ಬಂದವು. 2000ದ ದಶಕದ ಹೊತ್ತಿಗೆ ಗ್ಲಾಸ್ಗೊ ಯುರೋಪಿನ ಕೊಲೆಗಳ ರಾಜಧಾನಿ ಎಂಬ ಹೆಸರು ಹೊತ್ತಿತ್ತು.

2005ರಲ್ಲಿ ಅಲ್ಲಿನ ಪೊಲೀಸ್ ಇಲಾಖೆ 'ಹಿಂಸೆ ತಗ್ಗಿಸುವ ಘಟಕ'ವನ್ನು ಸ್ಥಾಪಿಸಿತು. ಅದನ್ನು ಕಟ್ಟಿದವರು ಕೊಲೆ ಪ್ರಕರಣಗಳ ತನಿಖೆಯಲ್ಲಿ ಪಳಗಿದ ಜಾನ್ ಕಾರ್ನಕನ್ ಎಂಬ ಅಧಿಕಾರಿ ಮತ್ತು ಕ್ಯಾರಿನ್ ಮಕ್ಲಸ್ಕಿ ಎಂಬ ಮನಶ್ಶಾಸ್ತ್ರಜ್ಞೆ. ಮಕ್ಲಸ್ಕಿ ಮೊದಲು ನರ್ಸ್ ಆಗಿದ್ದವರು. ಹಿಂಸೆಯನ್ನು ಸಾಂಕ್ರಾಮಿಕ ರೋಗದಂತೆ ನೋಡಬೇಕು, ಹಿಡಿಯುವುದಷ್ಟೇ ಸಾಲದು, ಹರಡುವ ದಾರಿಗಳನ್ನೇ ಮುಚ್ಚಬೇಕು ಎಂಬುದು ಅವರ ನಿಲುವು. ಇವರು ಕಲಿತದ್ದು ಅಮೆರಿಕದ ಬಾಸ್ಟನ್ನಿನಿಂದ. ಅಲ್ಲಿ 1992ರಲ್ಲಿ ಚರ್ಚಿನೊಳಗೆ ಶವಸಂಸ್ಕಾರದ ಪ್ರಾರ್ಥನೆ ನಡೆಯುತ್ತಿದ್ದಾಗಲೇ ಗ್ಯಾಂಗಿನವರು ನುಗ್ಗಿ ಹಲ್ಲೆ ಮಾಡಿದ್ದರು. ಅದನ್ನು ಕಂಡು ಕಪ್ಪು ಪಾದ್ರಿಗಳು ಗೋಡೆಗಳಾಚೆ ಬಂದು ಶುಕ್ರವಾರ ರಾತ್ರಿಗಳಲ್ಲಿ ಬೀದಿ ಸುತ್ತತೊಡಗಿದರು. 1996ರಿಂದ ಪಾದ್ರಿಗಳು, ಪೊಲೀಸರು, ಸಮಾಜ ಕಾರ್ಯಕರ್ತರು ಒಟ್ಟಾಗಿ ನಡೆಸಿದ ಕಾರ್ಯಕ್ರಮದಿಂದ ಯುವಕರ ಕೊಲೆಗಳು ಶೇಕಡಾ 63ರಷ್ಟು ಇಳಿದವೆಂದು ಅಧ್ಯಯನ ಹೇಳಿತು. ಇಳಿದ ಮೇಲೆ ಕಾರ್ಯಕ್ರಮವನ್ನು ಕೈಬಿಟ್ಟರು. ಕೊಲೆಗಳು ಮತ್ತೆ ಏರಿದವು.

ಗ್ಲಾಸ್ಗೊದಲ್ಲಿ 2008ರಲ್ಲಿ ಗ್ಯಾಂಗಿನ ಹುಡುಗರನ್ನು ನ್ಯಾಯಾಲಯದ ಸಭಾಂಗಣಕ್ಕೆ ಕರೆದರು. ಬಂಧಿಸಿ ತಂದದ್ದಲ್ಲ, ಬನ್ನಿ ಎಂದು ಆಹ್ವಾನಿಸಿದ್ದು. ನ್ಯಾಯಾಧೀಶರು ಪೀಠದಲ್ಲಿದ್ದರು. ಇನ್ನು ಮುಂದೆ ನಿಮ್ಮಲ್ಲೊಬ್ಬ ಚೂರಿ ಹಾಕಿದರೆ ಇಡೀ ಗುಂಪಿನ ಹಿಂದೆ ಬೀಳುತ್ತೇವೆ ಎಂದು ಪೊಲೀಸ್ ಮುಖ್ಯಸ್ಥರು ಎಚ್ಚರಿಸಿದರು. ಸೀಳಿದ ಮುಖಗಳನ್ನು ಹೊಲಿಯುವ ಶಸ್ತ್ರವೈದ್ಯರು ತಾವು ದಿನವೂ ನೋಡುವುದನ್ನು ಹೇಳಿದರು. ಮಗನನ್ನು ಕಳೆದುಕೊಂಡ ತಾಯಿ ಮಾತನಾಡಿದಳು. ಅಲ್ಲಿಯವರೆಗೆ ಎದೆ ಸೆಟೆಸಿ ಕೂತಿದ್ದ ಹುಡುಗರು ತಲೆ ತಗ್ಗಿಸಿದ್ದು ಆಕೆಯ ಮುಂದೆ. ಕೊನೆಗೆ ಒಂದು ದೂರವಾಣಿ ಸಂಖ್ಯೆ ಕೊಟ್ಟು, ಬಿಡಬೇಕೆಂದಿರುವವರು ಕರೆ ಮಾಡಿ, ಓದು, ಕೆಲಸ, ಚಿಕಿತ್ಸೆ ಯಾವುದಕ್ಕಾದರೂ ಜೊತೆಗಿರುತ್ತೇವೆ ಎಂದರು. ನೂರಾರು ಹುಡುಗರು ಕೈ ಎತ್ತಿದರು.

2015ರಲ್ಲಿ ಗ್ಲಾಸ್ಗೊದ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗದಲ್ಲಿ 'ನ್ಯಾವಿಗೇಟರ್' ಎಂಬ ಕಾರ್ಯಕರ್ತರನ್ನು ನಿಲ್ಲಿಸಿದರು. ಅವರಲ್ಲಿ ಕೆಲವರು ಒಂದು ಕಾಲಕ್ಕೆ ಅದೇ ಬೀದಿಗಳಲ್ಲಿ ಬಡಿದಾಡಿದವರು. ಇರಿತಕ್ಕೊಳಗಾದ ಹುಡುಗ ಬಂದು ಮಲಗಿದಾಗ, ಗೆಳೆಯರು ಹೊರಗೆ ಸೇಡಿನ ಮಾತಾಡುತ್ತಿರುವಾಗ, ಇವರು ಹೋಗಿ ಅವನ ಪಕ್ಕದಲ್ಲಿ ಕೂರುತ್ತಾರೆ. ಹೆದರಿದ ಆ ಒಂದೆರಡು ಗಂಟೆಗಳಲ್ಲಿ ಹುಡುಗ ಬೇರೆಯವರ ಮಾತನ್ನು ಕೇಳಿಸಿಕೊಳ್ಳುತ್ತಾನೆ. ಹೊಲಿಗೆ ಬಿಚ್ಚುವ ಹೊತ್ತಿಗೆ ಆ ಮನಸ್ಸು ಇರುವುದಿಲ್ಲ.

ಸ್ಕಾಟ್ಲೆಂಡಿನಲ್ಲಿ 2004-05ರಲ್ಲಿ 137 ಕೊಲೆಗಳಾಗಿದ್ದವು, ಹತ್ತು ವರ್ಷಗಳಲ್ಲಿ ಅದು ಅರ್ಧಕ್ಕಿಂತ ಕೆಳಗಿಳಿಯಿತು. ಚೂರಿ ಹಿಡಿದು ಓಡಾಡುವವರಿಗೆ ಶಿಕ್ಷೆ ಹೆಚ್ಚಿಸಿದ್ದೂ ಕಾರಣಗಳಲ್ಲಿ ಒಂದು. ಎಲ್ಲ ಶ್ರೇಯವನ್ನೂ ಒಂದೇ ಘಟಕಕ್ಕೆ ಕೊಡುವುದು ಸರಿಯಲ್ಲ. ಆದರೆ ಪೊಲೀಸ್ ಇಲಾಖೆಯೇ "ಇದು ನಮ್ಮೊಬ್ಬರಿಂದ ಆಗದು" ಎಂದು ವೈದ್ಯರನ್ನೂ ತಾಯಂದಿರನ್ನೂ ಮಾಜಿ ಗ್ಯಾಂಗಿನವರನ್ನೂ ಕರೆದ ಮೇಲೆ ಆದ ಬದಲಾವಣೆ ಇದು.

5. ಚಂಬಲ್ ಕಣಿವೆಯಲ್ಲಿ ಬೆಂಗಳೂರಿನವರು

ಇದೆಲ್ಲ ಹೊರದೇಶದ ಮಾತಾಯಿತು ಎನ್ನುವವರಿಗೆ ನಮ್ಮವರೊಬ್ಬರ ಹೆಸರು ನೆನಪಿಸಬೇಕು. ಎಸ್.ಎನ್. ಸುಬ್ಬರಾವ್, ದೇಶದ ಯುವಜನರ ಬಾಯಲ್ಲಿ 'ಭಾಯೀಜಿ', 1929ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. 1942ರ ಚಳವಳಿಯಲ್ಲಿ ಹದಿಮೂರರ ಹುಡುಗನಾಗಿಯೇ ಬಂಧನಕ್ಕೊಳಗಾದರು. 1969ರಲ್ಲಿ ಗಾಂಧಿ ಶತಮಾನೋತ್ಸವಕ್ಕೆ ದೇಶ ಸುತ್ತಿದ ಗಾಂಧಿ ದರ್ಶನ ರೈಲಿನ ಹೊಣೆ ಹೊತ್ತರು. ಆಮೇಲೆ ಮಧ್ಯಪ್ರದೇಶದ ಮೊರೇನಾ ಜಿಲ್ಲೆಯ ಜೌರಾದಲ್ಲಿ ಗಾಂಧಿ ಸೇವಾಶ್ರಮ ಕಟ್ಟಿ ಅಲ್ಲೇ ನೆಲೆಸಿದರು. ಆ ಕಾಲಕ್ಕೆ ಚಂಬಲ್ ಕಣಿವೆ ಡಕಾಯಿತರ ನೆಲ. ಜಾತಿಯ ಅವಮಾನ, ಜಮೀನಿನ ಜಗಳ, ಪೊಲೀಸರ ಪಕ್ಷಪಾತ ಇವೆಲ್ಲ ಸೇರಿ ಒಬ್ಬನ ಕೈಗೆ ಬಂದೂಕು ಕೊಡುತ್ತಿದ್ದವು. ಒಮ್ಮೆ ಕಣಿವೆಗೆ ಇಳಿದ ಮೇಲೆ ಹಿಂದಿರುಗಲು ಹೆದರಿಕೆ.

1960ರಲ್ಲಿ ವಿನೋಬಾ ಭಾವೆ ಆ ಕಣಿವೆಯಲ್ಲಿ ಕಾಲ್ನಡಿಗೆಯಲ್ಲಿ ಸಾಗಿದಾಗ 20 ಡಕಾಯಿತರು ಶರಣಾಗಿದ್ದರು. ಅದರ ನೆನಪು ಉಳಿದಿತ್ತು. 1971ರಲ್ಲಿ ಮಾಧೋಸಿಂಗ್ ಎಂಬ ಡಕಾಯಿತ ನಾಯಕ ಹೆಸರು ಬದಲಿಸಿಕೊಂಡು ಪಾಟ್ನಾಕ್ಕೆ ಹೋಗಿ ಜಯಪ್ರಕಾಶ ನಾರಾಯಣರ ಮುಂದೆ ನಿಂತು, ಬಿಟ್ಟು ಬರುತ್ತೇವೆ, ದಾರಿ ತೋರಿಸಿ ಎಂದ. ಜೆ.ಪಿ. ಸರ್ಕಾರಗಳ ಜೊತೆ ಮಾತನಾಡಿದರು. ಸುಬ್ಬರಾವ್ ಮತ್ತು ಸರ್ವೋದಯದ ಗೆಳೆಯರು ಕಣಿವೆಯೊಳಗೆ ನಡೆದು ನಂಬಿಕೆ ಕಟ್ಟಿದರು. 1972ರ ಏಪ್ರಿಲ್‌ನಲ್ಲಿ ಜೌರಾದಲ್ಲಿ ಗಾಂಧೀಜಿಯ ಭಾವಚಿತ್ರದ ಮುಂದೆ ಬಂದೂಕುಗಳನ್ನು ಇಟ್ಟರು. ಮೋಹರ್‌ಸಿಂಗ್, ಮಾಧೋಸಿಂಗ್ ಮೊದಲಾಗಿ ನೂರಾರು ಜನ ಶರಣಾದರು.

ಅಂದಿನ ಛಾಯಾಚಿತ್ರಗಳು ಪ್ರಸಿದ್ಧ. ಆಮೇಲಿನ ಕೆಲಸವನ್ನು ಅಷ್ಟಾಗಿ ಯಾರೂ ನೆನೆಯುವುದಿಲ್ಲ. ಶರಣಾದವರಿಗೆ ಗಲ್ಲು ತಪ್ಪುವ ಭರವಸೆ ಇತ್ತೇ ಹೊರತು ಶಿಕ್ಷೆ ತಪ್ಪಲಿಲ್ಲ. ಒಬ್ಬೊಬ್ಬನ ಮೇಲೂ ಪ್ರತ್ಯೇಕ ಮೊಕದ್ದಮೆ ನಡೆಯಿತು. ಹಲವರು ಮುಂಗಾವಲಿಯ ಬಯಲು ಬಂದೀಖಾನೆಯಲ್ಲಿ ಬೇಸಾಯ ಮಾಡುತ್ತ ಶಿಕ್ಷೆ ಕಳೆದರು. ಅವರ ಮಕ್ಕಳ ಓದು, ಹೆಂಗಸರ ಜೀವನೋಪಾಯ, ಜಮೀನಿನ ವ್ಯವಸ್ಥೆ ಇವುಗಳ ಬೆನ್ನುಹತ್ತಿದವರು ಆಶ್ರಮದವರು. ಗುಂಪುಗುಂಪಾಗಿ ಬಂದವರು ಹೀಗೆ ಒಬ್ಬೊಬ್ಬರಾಗಿ ಸಂಸಾರಕ್ಕೆ, ಹೊಲಕ್ಕೆ ಮರಳಿದರು. ಸುಬ್ಬರಾವ್ 2021ರಲ್ಲಿ ತೀರಿಕೊಂಡಾಗ ಜೌರಾದ ಆ ಆಶ್ರಮದಲ್ಲೇ ಅವರ ಅಂತ್ಯಕ್ರಿಯೆ ನಡೆಯಿತು. ಕನ್ನಡ ನಾಡಿನಲ್ಲಿ ಹುಟ್ಟಿದ ಒಬ್ಬರು ಇಷ್ಟು ದೊಡ್ಡ ಕೆಲಸ ಮಾಡಿದ್ದನ್ನು ನಮ್ಮ ಸಮಾಜಕಾರ್ಯದ ತರಗತಿಗಳಲ್ಲಿ ವಿವರವಾಗಿ ಪಾಠ ಮಾಡಬೇಕು.

6. ನಮ್ಮ ಬೀದಿಗಳಲ್ಲಿ

ಈಗ ನಮ್ಮ ಊರುಗಳಿಗೆ ಬರೋಣ. ರೌಡಿ ಶೀಟ್, ಪರೇಡ್, ಬಾಂಡ್, ಗಡೀಪಾರು, ಗೂಂಡಾ ಕಾಯ್ದೆ: ಹಿಡಿದಿಡುವ ವ್ಯವಸ್ಥೆ ನಮ್ಮಲ್ಲಿ ಗಟ್ಟಿಯಾಗಿಯೇ ಇದೆ. ಕ್ರೂರ ಅಪರಾಧಿಗಳ ವಿರುದ್ಧ ಅವು ಬೇಕಾಗಬಹುದು. ಬಿಡಿಸಿಕೊಂಡು ಬರುವ ವ್ಯವಸ್ಥೆ ಮಾತ್ರ ಕಾಣುತ್ತಿಲ್ಲ. ಆದರೆ ಕಾನೂನಿನಲ್ಲಿ ಅದಕ್ಕೆ ಜಾಗವಿದೆ, ಆ ಜಾಗದಲ್ಲಿ ನಿಲ್ಲುವ ಜನ ಬೇಕು.

ಮೊದಲನೆಯದಾಗಿ ಜಾಮೀನಿನ ದಿನವನ್ನೇ ನೋಡಿ. ಹುಡುಗ ಮೊದಲ ಸಲ ಒಳಗೆ ಹೋಗಿದ್ದಾನೆ. ತಂದೆ ದಿನಗೂಲಿ, ತಾಯಿ ಮನೆಗೆಲಸ. ವಕೀಲರ ಫೀಸಿಗೆ ಹಣವಿಲ್ಲ, ಶ್ಯೂರಿಟಿ ಕೊಡಲು ಪಹಣಿ ಇಲ್ಲ. ಆಗ ಏರಿಯಾದ 'ಅಣ್ಣ' ವಕೀಲರನ್ನು ಇಡುತ್ತಾನೆ, ಶ್ಯೂರಿಟಿ ತರುತ್ತಾನೆ, ಜೈಲಿನ ಗೇಟಿಗೆ ಬೈಕಿನಲ್ಲಿ ಬಂದು ಕರೆದೊಯ್ಯುತ್ತಾನೆ. ಅವತ್ತಿನಿಂದ ಹುಡುಗ ಅವನ ಋಣದವನು. ಮೊದಲು ಬರೀ ಜೊತೆಗೆ ಓಡಾಡುತ್ತಿದ್ದವನು ಈಗ ಹೇಳಿದ್ದು ಮಾಡಲೇಬೇಕಾದವನು. ಆ ದಿನ ಬೇರೆ ಯಾರಾದರೂ ಮೊದಲು ಬಂದಿದ್ದರೆ? 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಬಂಧನದಲ್ಲಿರುವ ಯಾರಿಗೇ ಆಗಲಿ, ಆದಾಯ ನೋಡದೆ, ಉಚಿತ ವಕೀಲರ ನೆರವಿನ ಹಕ್ಕಿದೆ. 15100 ಸಂಖ್ಯೆಗೆ ಕರೆ ಮಾಡಿದರೆ ಮಾಹಿತಿ ಸಿಗುತ್ತದೆ. ಇದನ್ನು ಆ ತಾಯಿಗೆ ಅದೇ ಸಂಜೆ ಹೇಳಿ, ಅವಳ ಜೊತೆ ತಾಲ್ಲೂಕು ನ್ಯಾಯಾಲಯದವರೆಗೆ ಹೋಗುವ ಒಬ್ಬ ಮನುಷ್ಯ ಬೇಕು. ಮಹಿಳಾ ಸ್ವಸಹಾಯ ಸಂಘ, ಬೀದಿಯ ಯುವಕ ಸಂಘ, ಮಸೀದಿಯ ಸಮಿತಿ, ದೇವಸ್ಥಾನದ ಟ್ರಸ್ಟು, ಚರ್ಚು, ಯಾರು ಬೇಕಾದರೂ ಆ ಮನುಷ್ಯನನ್ನು ಕೊಡಬಹುದು.

ಎರಡನೆಯದು ಬಾಲ ನ್ಯಾಯ ಮಂಡಳಿ. ಹದಿನೆಂಟು ತುಂಬದ ಹುಡುಗ ಸಿಕ್ಕಿಬಿದ್ದಾಗ ಪರಿವೀಕ್ಷಣಾಧಿಕಾರಿ ಹದಿನೈದು ದಿನದೊಳಗೆ ಸಾಮಾಜಿಕ ತನಿಖಾ ವರದಿ ಕೊಡಬೇಕೆಂದು 2015ರ ಬಾಲ ನ್ಯಾಯ ಕಾಯ್ದೆ ಹೇಳುತ್ತದೆ. ಆ ವರದಿಯಲ್ಲಿ ಹುಡುಗನ ಮನೆ, ಶಾಲೆ, ನೆರೆಹೊರೆ ಎಲ್ಲ ಬರಬೇಕು. ಅವನಿಗೆ ಪಾಠ ಹೇಳಿದ ಮೇಷ್ಟ್ರು, ಕೆಲಸ ಕೊಟ್ಟಿದ್ದ ಗ್ಯಾರೇಜಿನವರು ಬಂದು "ನಾವು ನೋಡಿಕೊಳ್ಳುತ್ತೇವೆ" ಎಂದರೆ ಮಂಡಳಿಗೆ ಬೇರೆ ದಾರಿ ಕಾಣುತ್ತದೆ. ಹೆಚ್ಚಿನ ಪ್ರಕರಣಗಳಲ್ಲಿ ಮಗುವಿನ ತಪ್ಪು ಅವನ ಮುಂದಿನ ಬದುಕಿಗೆ ಅನರ್ಹತೆಯಾಗಬಾರದೆಂದೂ ಅವನ ಹೆಸರು, ಚಿತ್ರ ಪ್ರಕಟಿಸಬಾರದೆಂದೂ ಅದೇ ಕಾಯ್ದೆ ಹೇಳುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಹುಡುಗನ ಫೋಟೊ ಹಂಚುವ ಮುನ್ನ ಇದು ನೆನಪಿರಲಿ. 1958ರ ಪ್ರೊಬೇಷನ್ ಕಾಯ್ದೆಯ ಪ್ರಕಾರ, ಜೀವಾವಧಿ ಶಿಕ್ಷೆಗೆ ಅವಕಾಶವಿಲ್ಲದ ಅಪರಾಧಗಳಲ್ಲಿ 21 ವರ್ಷದೊಳಗಿನವರನ್ನು ಜೈಲಿಗೆ ಕಳಿಸಬೇಕಾದರೆ ನ್ಯಾಯಾಲಯ ಕಾರಣ ಬರೆಯಬೇಕು. ಹಳೆಯ ಕಾಯ್ದೆಗಳು ಇಷ್ಟು ಉದಾರವಾಗಿವೆ. ಅವುಗಳನ್ನು ಬಳಸಿಕೊಳ್ಳುವ ನೆರೆಹೊರೆ ನಮ್ಮದಾಗಬೇಕು.

ಮೂರನೆಯದು ಆಸ್ಪತ್ರೆ. ಇರಿತದ ಗಾಯದೊಂದಿಗೆ ಹುಡುಗರು ಬರುವ ಸರ್ಕಾರಿ ಆಸ್ಪತ್ರೆಗಳು ನಮ್ಮಲ್ಲೂ ಇವೆ. ವೈದ್ಯಕೀಯ-ಕಾನೂನು ದಾಖಲೆ ಬರೆದುಕೊಳ್ಳುವ ಸಿಬ್ಬಂದಿ ಇದ್ದಾರೆ, ಕೂತು ಮಾತನಾಡುವವರಿಲ್ಲ. ಸಮಾಜಕಾರ್ಯ ವಿಭಾಗದ ವಿದ್ಯಾರ್ಥಿಗಳನ್ನು ಕ್ಷೇತ್ರಕಾರ್ಯಕ್ಕೆ ಅಲ್ಲಿಗೆ, ಅನುಭವಿ ಮೇಲ್ವಿಚಾರಕರ ಜೊತೆ, ಕಳಿಸುವುದು ಯಾವುದೇ ವಿಶ್ವವಿದ್ಯಾಲಯಕ್ಕೆ ಆಗದ ಮಾತಲ್ಲ.

ನಾಲ್ಕನೆಯದು ಪೊಲೀಸ್ ಠಾಣೆ. ಬದಲಾಗಿರುವವರ ಹೆಸರನ್ನು ರೌಡಿ ಪಟ್ಟಿಯಿಂದ ಕೈಬಿಡುವ ಪದ್ಧತಿ ಇದೆ. ಅದು ಅಧಿಕಾರಿಯ ಮರ್ಜಿಯಾಗಿರದೆ, ಇಷ್ಟು ಕಾಲ ಸರಿಯಾಗಿದ್ದರೆ ನಿನ್ನ ಹೆಸರು ತೆಗೆಯುತ್ತೇವೆ ಎಂಬ ಸ್ಪಷ್ಟ ಮಾತಾಗಬೇಕು. ಗ್ಯಾರೇಜಿನಲ್ಲಿ ದುಡಿಯುತ್ತಿರುವವನನ್ನು ಮಾಲೀಕನೆದುರು ಪರೇಡ್‌ಗೆ ಎಳೆದೊಯ್ದರೆ ಮರುದಿನ ಅವನ ಕೆಲಸ ಹೋಗುತ್ತದೆ. ಸಂಜೆ ಅವನಿಗೆ ಹಳೆಯ ಕಟ್ಟೆಯೇ ಗತಿ.

ಇಷ್ಟು ಹೇಳಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ. ಕೊಲೆಯಾದವನ ತಾಯಿಗೆ ನಾವೇನು ಹೇಳುತ್ತೇವೆ? ಅವಳ ಮಗ ಹೋದ, ಕೊಂದವರ ಗುಂಪಿನ ಹುಡುಗನಿಗೆ ಕೆಲಸ ಕೊಡಿಸುತ್ತೇವೆ ಎಂದರೆ ಅವಳ ಹೊಟ್ಟೆ ಉರಿಯುವುದಿಲ್ಲವೇ? ಉರಿಯುತ್ತದೆ, ಉರಿಯಬೇಕು. ಅವಳಿಗೆ ನ್ಯಾಯ ಸಿಗಬೇಕು, ಪರಿಹಾರ ಸಿಗಬೇಕು, ಹುಡುಗನಿಗೆ ನೆರವು ಕೊಡುವ ಸಂಘ ಮೊದಲು ಅವಳ ಮನೆಗೆ ಹೋಗಿರಬೇಕು. ಆದರೆ ಗ್ಲಾಸ್ಗೊದ ಆ ತಾಯಿ ನ್ಯಾಯಾಲಯಕ್ಕೆ ಬಂದು ಮಾತನಾಡಿದ್ದನ್ನು ಮರೆಯಬಾರದು. ಸತ್ತ ಮಗನ ಹೆಸರಿನಲ್ಲಿ ಇನ್ನೊಬ್ಬ ತಾಯಿಯ ಮಗ ಸಾಯಬಾರದು ಎಂದು ಕೇಳುವ ಹಕ್ಕು ಎಲ್ಲರಿಗಿಂತ ಹೆಚ್ಚು ಇರುವುದು ಆಕೆಗೆ. ಆ ಹಕ್ಕಿಗೆ ವೇದಿಕೆ ಕೊಡುವುದು ನಮ್ಮ ಕರ್ತವ್ಯ.

ಕೊನೆಯದಾಗಿ ಈ ಸಭೆಯಲ್ಲಿರುವವರಲ್ಲಿ ಒಂದು ಕೋರಿಕೆ. ನಿಮ್ಮ ವಾರ್ಡಿನಲ್ಲಿ ಐದಾರು ಜನರ ಒಂದು ಗುಂಪು ಕಟ್ಟಿ. ಒಬ್ಬ ವಕೀಲರು, ಒಬ್ಬ ಶಿಕ್ಷಕರು, ಹುಡುಗರನ್ನು ಕೆಲಸಕ್ಕೆ ಇಟ್ಟುಕೊಳ್ಳಬಲ್ಲ ಒಬ್ಬ ಅಂಗಡಿ ಅಥವಾ ಗ್ಯಾರೇಜಿನವರು, ಬೀದಿಯಲ್ಲಿ ಎಲ್ಲರೂ ಗೌರವಿಸುವ ಒಬ್ಬ ತಾಯಿ, ಆ ಲೋಕವನ್ನು ಕಂಡು ಬಿಟ್ಟು ಬಂದ ಒಬ್ಬ ವ್ಯಕ್ತಿ. ನೂರು ಹುಡುಗರನ್ನು ಉದ್ಧರಿಸುವ ಯೋಜನೆ ಬೇಡ, ಹೆಸರು ಗೊತ್ತಿರುವ ಒಬ್ಬನನ್ನು ಆರಿಸಿಕೊಳ್ಳಿ. ಅವನು ಒಳಗೆ ಹೋದ ದಿನ ಠಾಣೆಗೆ ಹೋಗಿ, ಹೊರಗೆ ಬಂದ ದಿನ ಗೇಟಿನಲ್ಲಿರಿ, ಆಮೇಲೆ ಹದಿನೆಂಟು ತಿಂಗಳು ಅವನ ಬೆನ್ನು ಬಿಡಬೇಡಿ. ನಡುವೆ ಅವನು ಒಂದೆರಡು ಸಲ ಹಳೆಯ ದಾರಿಗೆ ಹೊರಳಬಹುದು. ಆಗಲೂ ಹೋಗಿ ಕರೆಯಿರಿ. ಆ ಹುಡುಗನ ಮೊದಲ ಬಾಡಿಗೆ ಮನೆಗೆ ಮುಂಗಡ, ಮೊದಲ ಶ್ಯೂರಿಟಿ, ಮೊದಲ ಕೆಲಸದ ಶಿಫಾರಸು ನಿಮ್ಮಿಂದ ಬರಲಿ. ಇದಕ್ಕೆ ಸರ್ಕಾರದ ಆದೇಶ ಬೇಕಾಗಿಲ್ಲ, ನಾಳೆಯಿಂದಲೇ ಶುರು ಮಾಡಬಹುದು.